ಹೃದಯದ ಗೋಡೆಗೆ ಜೆಲ್: ಅಟ್ಯಾಕ್ ಆದ ಮೇಲಿನ ರಿಪೇರಿ ಎಲ್ಲಿಗೆ ಬಂತು?

"ಬ್ಲಾಕ್ ತೆಗೆದಾಯ್ತಲ್ಲ ಡಾಕ್ಟ್ರೇ, ಮತ್ತೆ ಪಂಪಿಂಗ್ ಯಾಕೆ 35ರಲ್ಲೇ ಉಂಟು?"

ಮಣಿಪಾಲದಲ್ಲೋ ಮಂಗಳೂರಿನಲ್ಲೋ ಯಾವುದೇ ದೊಡ್ಡ ಆಸ್ಪತ್ರೆಯ ಹೃದಯ ವಿಭಾಗದ ಹೊರಗೆ ಸ್ವಲ್ಪ ಹೊತ್ತು ಕೂತರೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಕೇಳುವವರ ಕೈಯಲ್ಲಿ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಇರುತ್ತದೆ. ಸ್ಟೆಂಟ್ ಹಾಕಿ ಆಗಿದೆ, ಬಿಲ್ ಕಟ್ಟಿಯೂ ಆಗಿದೆ. ಮನೆಯವರ ಲೆಕ್ಕದಲ್ಲಿ ಹೃದಯ ಈಗ ಸರಿಯಾಗಬೇಕಿತ್ತು. ಆದರೆ ರಿಪೋರ್ಟ್ ಬೇರೆಯೇ ಹೇಳುತ್ತದೆ. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಗುವುದು ಕಡಿಮೆ. ಡಾಕ್ಟರಿಗೆ ಸಮಯ ಇರುವುದಿಲ್ಲ, ಕೇಳಿದವರಿಗೆ ಮತ್ತೆ ಕೇಳಲು ಸಂಕೋಚ.

ಮೊದಲು ಈ 'ಪಂಪಿಂಗ್' ಏನು ಅಂತ ನೋಡೋಣ. ಹೃದಯದ ಎಡ ಕೆಳಕೋಣೆಯಲ್ಲಿ ರಕ್ತ ತುಂಬುತ್ತದೆ. ಒಂದು ಬಡಿತಕ್ಕೆ ಅದರಲ್ಲಿ ಶೇಕಡಾ ಎಷ್ಟು ಹೊರಗೆ ಹೋಯಿತು ಎಂಬುದೇ ಪಂಪಿಂಗ್. ಆರೋಗ್ಯವಂತರಲ್ಲೂ ಇದು 100 ಇರುವುದಿಲ್ಲ. ಹೆಚ್ಚುಕಮ್ಮಿ 55ರಿಂದ 70ರ ನಡುವೆ ಇರುತ್ತದೆ. ಹಾಗಾಗಿ 35 ಎಂದರೆ ಹೃದಯ ಮೂರನೇ ಒಂದು ಪಾಲು ಮಾತ್ರ ಉಳಿದಿದೆ ಅಂತ ಅರ್ಥ ಅಲ್ಲ. ಆದರೆ ಚಿಂತೆ ಮಾಡಬೇಕಾದ ಅಂಕಿ ಅದು, ಅದರಲ್ಲಿ ಅನುಮಾನ ಇಲ್ಲ.

ಸ್ಟೆಂಟ್ ತೆರೆಯುವುದು ರಕ್ತನಾಳವನ್ನು. ರಕ್ತ ಸಿಗದೆ ಅಷ್ಟರಲ್ಲೇ ಸತ್ತುಹೋದ ಸ್ನಾಯುವಿಗೆ ಅದು ಏನೂ ಮಾಡಲಾರದು. ಆ ಸತ್ತ ಜಾಗಕ್ಕೆ ಏನಾದರೂ ಮಾಡಲು ಸಾಧ್ಯವಾ ಎಂದು ಹುಡುಕುತ್ತಾ ಹೊರಟವರು ಇಪ್ಪತ್ತು ವರ್ಷಗಳಿಂದ ಒಂದು ದಾರಿ ಹಿಡಿದಿದ್ದಾರೆ. ಹೃದಯದ ಗೋಡೆಯೊಳಗೆ ಒಂದು ಮೆದು ಜೆಲ್ ಸೇರಿಸುವುದು. ಈ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋಗಳು ಆಗಾಗ ಬರುತ್ತವೆ, "ಒಂದೇ ಇಂಜೆಕ್ಷನ್, ಹೊಸ ಹೃದಯ" ಎನ್ನುವ ಧಾಟಿಯಲ್ಲಿ. ಆ ಮಾತು ಸರಿಯಲ್ಲ. ಜೆಲ್‌ನ ನಿಜವಾದ ಉದ್ದೇಶ ಇದಕ್ಕಿಂತ ಚಿಕ್ಕದು. ಸತ್ತದ್ದನ್ನು ಬದುಕಿಸುವುದಲ್ಲ, ಉಳಿದದ್ದು ಕೆಡದಂತೆ ತಡೆಯುವುದು. ಆ ಚಿಕ್ಕ ಉದ್ದೇಶ ಈಡೇರಿದರೂ ಎಷ್ಟು ದೊಡ್ಡ ಉಪಕಾರ ಎಂಬುದು ಗೊತ್ತಾಗಬೇಕಾದರೆ, ಅಟ್ಯಾಕ್ ಆದ ಮೇಲೆ ಗೋಡೆಯೊಳಗೆ ಏನೇನು ನಡೆಯುತ್ತದೆ ಎಂದು ತಿಳಿಯಬೇಕು.

ರಕ್ತನಾಳ ಪೂರ್ತಿ ಮುಚ್ಚಿದ ಸುಮಾರು 20 ನಿಮಿಷಕ್ಕೆ ಸ್ನಾಯು ಕೋಶಗಳು ಸಾಯಲು ಶುರುವಾಗುತ್ತವೆ. ಮೊದಲು ಸಾಯುವುದು ಗೋಡೆಯ ಒಳಪದರ. ಅಲ್ಲಿಂದ ಸಾವು ಹೊರಪದರದ ಕಡೆಗೆ ಹರಡುತ್ತಾ ಹೋಗುತ್ತದೆ. ಕೆಲವು ಗಂಟೆಗಳಲ್ಲಿ ಆ ಭಾಗದ ಬಹುಪಾಲು ಸ್ನಾಯು ಮುಗಿಯುತ್ತದೆ. ದೊಡ್ಡ ಅಟ್ಯಾಕ್ ಒಂದರಲ್ಲಿ ಸಾಯುವ ಕೋಶಗಳು ಸುಮಾರು 100 ಕೋಟಿ. ಎಡ ಕೆಳಕೋಣೆಯಲ್ಲಿ ಇರುವುದೇ 200ರಿಂದ 400 ಕೋಟಿ ಎಂಬ ಅಂದಾಜು ಇದೆ. "ಗ್ಯಾಸ್ ಆಗಿರಬೇಕು, ಒಂದು ಸೋಡಾ ಕುಡಿಯೋಣ, ಬೆಳಿಗ್ಗೆ ನೋಡೋಣ" ಎಂದು ಕಳೆಯುವ ಪ್ರತಿ ಗಂಟೆಯ ಬೆಲೆ ಇದು.

ಆದ್ದರಿಂದ ಜೆಲ್‌ನ ಕಥೆಗೆ ಮೊದಲು ಹೇಳಲೇಬೇಕಾದ ಮಾತೊಂದಿದೆ. ಇವತ್ತಿನ ಮಟ್ಟಿಗೆ ಹೃದಯದ ಸ್ನಾಯುವನ್ನು ಉಳಿಸುವ ಅತಿ ಒಳ್ಳೆಯ ಮದ್ದು ಬೇಗ ತಲುಪುವುದೇ. ನಮ್ಮ ಕರಾವಳಿಯಲ್ಲಿ ಇದಕ್ಕಾಗಿ ನಿಜವಾಗಿ ಕೆಲಸ ಆಗಿದೆ. ಮಂಗಳೂರು ಕೆಎಂಸಿ ಆಸ್ಪತ್ರೆಯ ಹೃದಯತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ಅಲ್ಲಿಂದ ವಾಟ್ಸ್‌ಆ್ಯಪ್‌ನಲ್ಲಿ ಬರುವ ಇಸಿಜಿಯನ್ನು ತಜ್ಞರು ತಕ್ಷಣ ನೋಡಿ ಹೇಳುವ ವ್ಯವಸ್ಥೆ ಕಟ್ಟಿದರು. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಅಟ್ಯಾಕ್ ಎಂದು ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ಯೋಜನೆ ಅದು. ಬೈಂದೂರಿನ ಕಡೆಯವರೋ ಸುಳ್ಯದ ಒಳಹಳ್ಳಿಯವರೋ ದೊಡ್ಡ ಆಸ್ಪತ್ರೆ ಮುಟ್ಟುವ ತನಕ ಕಾಯಬೇಕಿಲ್ಲ ಎನ್ನುವುದು ಇದರ ಸಾರ. ಜೆಲ್ ಬರುವುದು ಇದೆಲ್ಲ ಆದ ಮೇಲೆ, ಇಷ್ಟಾದರೂ ಉಳಿಸಲಾಗದ ಸ್ನಾಯುವಿನ ವಿಷಯಕ್ಕೆ.

ಚರ್ಮ ಕೊಯ್ದರೆ ಮತ್ತೆ ಬೆಳೆಯುತ್ತದೆ, ಮೂಳೆ ಮುರಿದರೆ ಕೂಡುತ್ತದೆ. ಹೃದಯಕ್ಕೆ ಮಾತ್ರ ಯಾಕೆ ಆಗುವುದಿಲ್ಲ? ಇದನ್ನು ಕಂಡುಹಿಡಿದ ರೀತಿ ನನಗೆ ಬಹಳ ಇಷ್ಟ. 1950ರ ದಶಕದಲ್ಲಿ ಮತ್ತು 1963ರವರೆಗೆ ದೊಡ್ಡ ದೇಶಗಳು ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡುತ್ತಿದ್ದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣ ಕಾರ್ಬನ್ ಜಾಸ್ತಿಯಾಯಿತು. 1963ರ ಒಪ್ಪಂದದ ನಂತರ ಅದು ನಿಧಾನವಾಗಿ ಇಳಿಯುತ್ತಾ ಬಂತು. ಈ ಕಾರ್ಬನ್ ಗಿಡಕ್ಕೆ ಹೋಯಿತು, ಗಿಡದಿಂದ ಅನ್ನಕ್ಕೆ, ಅನ್ನದಿಂದ ನಮ್ಮ ಮೈಗೆ. ಒಂದು ಕೋಶ ಹುಟ್ಟಿದಾಗ ಅದರ ಡಿಎನ್‌ಎಯಲ್ಲಿ ಆ ವರ್ಷದ ಕಾರ್ಬನ್ ಸೇರಿಕೊಂಡು ಹಾಗೆಯೇ ಉಳಿಯುತ್ತದೆ. ಅಂದರೆ ಪ್ರತಿ ಕೋಶದಲ್ಲೂ ಅದರ ಹುಟ್ಟಿದ ವರ್ಷದ ಗುರುತು ಇದೆ! ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಯೊನಾಸ್ ಫ್ರಿಸೆನ್ ಅವರ ತಂಡ ಹೃದಯ ಸ್ನಾಯುವಿನ ಕೋಶಗಳಲ್ಲಿ ಈ ಗುರುತನ್ನು ಓದಿತು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. 25ರ ವಯಸ್ಸಿನಲ್ಲಿ ವರ್ಷಕ್ಕೆ ಶೇ. 1ರಷ್ಟು ಸ್ನಾಯು ಕೋಶ ಹೊಸದಾಗುತ್ತದೆ. 75ರ ವಯಸ್ಸಿಗೆ ಅದು ಶೇ. 0.45ಕ್ಕೆ ಇಳಿಯುತ್ತದೆ. ಹೊಸ ಕೋಶ ಹುಟ್ಟುವುದೇ ಇಲ್ಲ ಎಂಬ ಹಳೆಯ ನಂಬಿಕೆ ಸುಳ್ಳಾಯಿತು. ಆದರೆ ಒಂದೇ ದಿನ 100 ಕೋಟಿ ಕಳೆದುಕೊಂಡವರಿಗೆ ಈ ವೇಗದಿಂದ ಏನೂ ಪ್ರಯೋಜನ ಇಲ್ಲ.

ಎಲ್ಲ ಪ್ರಾಣಿಗಳೂ ಹೀಗಲ್ಲ. ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಜೀಬ್ರಾ ಮೀನಿನ ಹೃದಯದ ಕೆಳಕೋಣೆಯಲ್ಲಿ ಐದನೇ ಒಂದು ಪಾಲು ಕತ್ತರಿಸಿದರೂ ಅದು ಸುಮಾರು ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಇದು 2002ರಲ್ಲೇ ಗೊತ್ತಾಯಿತು. ಹುಟ್ಟಿದ ಮೊದಲ ಕೆಲವು ದಿನ ಇಲಿಮರಿಗೂ ಈ ಶಕ್ತಿ ಇರುತ್ತದೆ, ಒಂದು ವಾರಕ್ಕೆ ಹೋಗಿಬಿಡುತ್ತದೆ.

ಬೆಳೆಸಲಾಗದ ನಮ್ಮ ಹೃದಯ ಬೇರೆ ದಾರಿ ಹಿಡಿಯುತ್ತದೆ. ಸತ್ತ ಜಾಗಕ್ಕೆ ಮೊದಲು ಬಿಳಿ ರಕ್ತಕಣಗಳು ನುಗ್ಗುತ್ತವೆ. ಸತ್ತ ಕೋಶಗಳನ್ನು ತಿಂದು ತೆರವು ಮಾಡುತ್ತವೆ. ಆ ಗಡಿಬಿಡಿಯಲ್ಲಿ ಕೋಶಗಳ ನಡುವೆ ಇದ್ದ ನಾರಿನ ಜಾಲವೂ ಒಡೆದುಹೋಗುತ್ತದೆ. ಮೊದಲ ವಾರ ಗೋಡೆ ಅತ್ಯಂತ ದುರ್ಬಲ. ಅಪರೂಪಕ್ಕೆ ಒಡೆಯುವುದೂ ಉಂಟು. ಆಮೇಲೆ ಫೈಬ್ರೋಬ್ಲಾಸ್ಟ್ ಎಂಬ ಕೋಶಗಳು ಬಂದು ಕೊಲಾಜೆನ್ ನಾರು ನೇಯುತ್ತವೆ. ಕೆಲವು ವಾರಗಳಲ್ಲಿ ಅಲ್ಲಿ ಗಟ್ಟಿಯಾದ ಗಾಯದ ಕಲೆ ನಿಲ್ಲುತ್ತದೆ. ಈ ಕಲೆಯನ್ನು ಶತ್ರು ಎಂದು ನೋಡಬಾರದು. ಅದು ಕಟ್ಟದೇ ಹೋದರೆ ಹೃದಯ ಒಡೆದೇ ಹೋಗುತ್ತಿತ್ತು. ಆದರೆ ಅದು ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ, ಬಡಿತ ನಡೆಸುವ ಕರೆಂಟನ್ನು ಸರಿಯಾಗಿ ಸಾಗಿಸುವುದಿಲ್ಲ. ಜೊತೆಗೆ ಮೊದಲಿನ ಗೋಡೆಗಿಂತ ತೆಳು.

ತೊಂದರೆ ದೊಡ್ಡದಾಗುವುದು ಈ ತೆಳುತನದಿಂದ. ಸೈಕಲ್ ಟ್ಯೂಬಿನ ಒಂದು ಕಡೆ ರಬ್ಬರ್ ಸವೆದಿದೆ ಎಂದುಕೊಳ್ಳಿ. ಗಾಳಿ ಹೊಡೆದರೆ ಉಬ್ಬುವುದು ಅದೇ ಜಾಗ. ಉಬ್ಬಿದಷ್ಟೂ ರಬ್ಬರ್ ತೆಳುವಾಗುತ್ತದೆ, ತೆಳುವಾದಷ್ಟೂ ಇನ್ನೂ ಉಬ್ಬುತ್ತದೆ. ಇದರ ಲೆಕ್ಕವನ್ನು ಲಾಪ್ಲಾಸ್ ನಿಯಮ ಎನ್ನುತ್ತಾರೆ. ಗೋಡೆಯ ಮೇಲೆ ಬೀಳುವ ಎಳೆತ ಎಷ್ಟು ಎಂದು ತಿಳಿಯಲು ಒಳಗಿನ ಒತ್ತಡವನ್ನು ಕೋಣೆಯ ಅಗಲದಿಂದ ಗುಣಿಸಿ, ಗೋಡೆಯ ದಪ್ಪದಿಂದ ಭಾಗಿಸಬೇಕು. ಕೋಣೆ ಹಿಗ್ಗಿ ಗೋಡೆ ತೆಳುವಾದಾಗ ಎರಡೂ ಕಡೆಯಿಂದ ಎಳೆತ ಹೆಚ್ಚುತ್ತದೆ. ಆ ಎಳೆತ ಬೀಳುವುದು ಕಲೆಯ ಪಕ್ಕದಲ್ಲಿರುವ, ಇನ್ನೂ ಬದುಕಿರುವ ಸ್ನಾಯುವಿನ ಮೇಲೆ. ಅದು ದಣಿಯುತ್ತದೆ, ಕ್ರಮೇಣ ಅದೂ ಸೋಲುತ್ತದೆ. ಹೀಗೆ ಅಟ್ಯಾಕ್ ಆಗಿ ವರ್ಷ ಕಳೆದ ಮೇಲೂ, ಹೊಸ ಬ್ಲಾಕ್ ಒಂದೂ ಇಲ್ಲದೆಯೂ, ಹೃದಯ ದೊಡ್ಡದಾಗುತ್ತಾ ಬಲಹೀನವಾಗುತ್ತಾ ಹೋಗಬಹುದು. ಕಾಲು ಊದುವುದು, ನಾಲ್ಕು ಮೆಟ್ಟಿಲಿಗೆ ದಮ್ಮು ಕಟ್ಟುವುದು, ರಾತ್ರಿ ಮಲಗಿದರೆ ಉಸಿರು ಸಿಗದೆ ಎದ್ದು ಕೂರುವುದು ಎಲ್ಲ ಆಮೇಲೆ ಬರುತ್ತದೆ.

ಈಗ ಕೊಡುವ ಮಾತ್ರೆಗಳು ಇದನ್ನು ನಿಧಾನ ಮಾಡುತ್ತವೆ. ರಾಮಿಪ್ರಿಲ್, ಮೆಟೊಪ್ರೊಲೊಲ್, ಸ್ಪೈರನೊಲ್ಯಾಕ್ಟೋನ್, ಸಕ್ಕರೆ ಕಾಯಿಲೆಗೆಂದು ಬಂದು ಈಗ ಹೃದಯಕ್ಕೂ ಕೊಡುವ ಡಾಪಾಗ್ಲಿಫ್ಲೋಜಿನ್ ಇವೆಲ್ಲ ಬೇರೆ ಬೇರೆ ರೀತಿಯಲ್ಲಿ ಹೃದಯದ ಭಾರ ಇಳಿಸುತ್ತವೆ. ಇವುಗಳಿಂದ ಪಂಪಿಂಗ್ ಎಷ್ಟೋ ಜನರಲ್ಲಿ ಮೇಲೆ ಬಂದಿದೆ. "ಈಗ ಆರಾಮ ಉಂಟು" ಎಂದು ಮೂರು ತಿಂಗಳಿಗೆ ಮಾತ್ರೆ ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆರಾಮ ಇರುವುದೇ ಮಾತ್ರೆಯಿಂದ ಅಲ್ವಾ?

ಜೆಲ್‌ನ ಯೋಚನೆ ಹುಟ್ಟಿದ್ದು ಲಾಪ್ಲಾಸ್ ನಿಯಮದ ಆ ಭಾಗಾಕಾರದ ಕೆಳಗಿನ ಅಂಕಿಯಿಂದ, ಅಂದರೆ ಗೋಡೆಯ ದಪ್ಪದಿಂದ. ತೆಳುವಾದ ಕಡೆ ಒಳಗೇ ಏನಾದರೂ ತುಂಬಿ ದಪ್ಪ ಮಾಡಿದರೆ ಎಳೆತ ಇಳಿಯಬೇಕು. ಕೇಳಲು ಸುಲಭ. ಆದರೆ ಆ ವಸ್ತುವಿನಿಂದ ನಾವು ಏನೇನು ಬೇಡುತ್ತೇವೆ ನೋಡಿ. ತೊಡೆಯ ರಕ್ತನಾಳದಿಂದ ಹೃದಯಕ್ಕೆ ಹೋಗುವ, ಒಂದು ಮೀಟರಿಗಿಂತ ಉದ್ದದ ಸಣ್ಣ ಕೊಳವೆಯಲ್ಲಿ ಅದು ಸಲೀಸಾಗಿ ಹರಿಯಬೇಕು. ದಾರಿಯಲ್ಲಿ ಗಟ್ಟಿಯಾಗಬಾರದು. ಗೋಡೆಯೊಳಗೆ ಹೋದ ಕೂಡಲೇ ನಿಲ್ಲಬೇಕು, ಇಲ್ಲದಿದ್ದರೆ ಮುಂದಿನ ಬಡಿತಕ್ಕೆ ಹೊರಗೆ ಹಿಂಡಿ ಹೋಗುತ್ತದೆ. ಒಂದು ತುಣುಕು ರಕ್ತಕ್ಕೆ ಜಾರಿ ಮೆದುಳಿಗೆ ಹೋದರೆ ಸ್ಟ್ರೋಕ್. ದಿನಕ್ಕೆ ಒಂದು ಲಕ್ಷ ಸಲ ಬಡಿಯುವ ಗೋಡೆಯ ಜೊತೆ ಬಾಗಬೇಕು, ಮುರಿಯಬಾರದು. ಹೃದಯದ ಕರೆಂಟಿನ ದಾರಿ ತಪ್ಪಿಸಬಾರದು. ಕೆಲಸ ಮುಗಿದ ಮೇಲೆ ವಿಷ ಬಿಡದೆ ಕರಗಿ ಹೋಗಬೇಕು. ಇಷ್ಟೆಲ್ಲ ಗುಣ ಇರುವ ವಸ್ತು ಹೈಡ್ರೋಜೆಲ್. ಹೆಸರು ದೊಡ್ಡದು, ಒಳಗೆ ಶೇ. 90ಕ್ಕಿಂತ ಜಾಸ್ತಿ ನೀರೇ. ಉಳಿದದ್ದು ಆ ನೀರನ್ನು ಹಿಡಿದಿಡುವ ಉದ್ದುದ್ದ ಅಣುಗಳ ಬಲೆ.

ಮೊದಲು ದೊಡ್ಡ ಹೆಸರು ಮಾಡಿದ್ದು ಆಲ್ಜಿನೇಟ್. ಇದು ಕಡಲಿನ ಕಂದು ಪಾಚಿಯಿಂದ ತೆಗೆಯುವ ವಸ್ತು. ಹಲ್ಲಿನ ಸೆಟ್ ಮಾಡಿಸಿಕೊಂಡವರಿಗೆ ಇದರ ಪರಿಚಯ ಈಗಾಗಲೇ ಇದೆ. ಅಳತೆ ತೆಗೆಯಲು ಡಾಕ್ಟರು ಬಾಯೊಳಗೆ ತಣ್ಣನೆಯ ಮೆತ್ತಗಿನ ಹಿಟ್ಟು ಇಟ್ಟು, ಎರಡು ಮೂರು ನಿಮಿಷದಲ್ಲಿ ಗಟ್ಟಿಯಾದ ಮೇಲೆ ತೆಗೆಯುತ್ತಾರಲ್ಲ, ಅದು ಆಲ್ಜಿನೇಟ್. ಗಟ್ಟಿಯಾಗಲು ಕಾರಣ ಕ್ಯಾಲ್ಸಿಯಂ. ಅದು ಆಲ್ಜಿನೇಟಿನ ಎರಡು ಎಳೆಗಳ ನಡುವೆ ಕೂತು ಎರಡನ್ನೂ ಹಿಡಿದುಕೊಳ್ಳುತ್ತದೆ.

ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದ ಸ್ಮದಾರ್ ಕೊಹೆನ್ ಮತ್ತು ಹೃದಯತಜ್ಞ ಜೊನಾಥನ್ ಲಿಯೋರ್ ಈ ಗುಣವನ್ನೇ ಬಳಸಿಕೊಂಡರು. ಸೂಜಿ ಚುಚ್ಚುವುದೇ ಬೇಡ ಎಂಬುದು ಅವರ ಲೆಕ್ಕಾಚಾರ. ಅಟ್ಯಾಕ್ ಆದ ಜಾಗದ ಸಣ್ಣ ರಕ್ತನಾಳಗಳು ಕೆಲವು ದಿನ ಸೋರುತ್ತಿರುತ್ತವೆ. ಸಾಯುತ್ತಿರುವ ಕೋಶಗಳಿಂದ ಕ್ಯಾಲ್ಸಿಯಂ ಹೊರಗೆ ಬಂದಿರುತ್ತದೆ. ಸ್ವಲ್ಪವೇ ಕ್ಯಾಲ್ಸಿಯಂ ಬೆರೆಸಿ ಇನ್ನೂ ನೀರಾಗಿಯೇ ಇರುವ ಆಲ್ಜಿನೇಟನ್ನು ಹೃದಯದ ರಕ್ತನಾಳಕ್ಕೆ ಬಿಟ್ಟರೆ, ಆರೋಗ್ಯವಾಗಿರುವ ಕಡೆ ಅದು ಹಾಗೇ ಹರಿದು ಹೋಗುತ್ತದೆ. ಗಾಯದ ಜಾಗದಲ್ಲಿ ಮಾತ್ರ ಹೊರಗೆ ಸೋರಿ, ಅಲ್ಲಿನ ಕ್ಯಾಲ್ಸಿಯಂ ಸಿಕ್ಕಿ, ಜೆಲ್ ಆಗಿ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಕರಗಿ ಮೂತ್ರದಲ್ಲಿ ಹೋಗುತ್ತದೆ. ಎಷ್ಟು ಚೆಂದದ ಉಪಾಯ! ಪ್ರಾಣಿಗಳಲ್ಲಿ ಕೆಲಸ ಮಾಡಿತು. 27 ರೋಗಿಗಳ ಮೊದಲ ಪ್ರಯೋಗದಲ್ಲಿ ಅಪಾಯ ಕಾಣಲಿಲ್ಲ.

ಆಮೇಲೆ ದೊಡ್ಡ ಪರೀಕ್ಷೆ ನಡೆಯಿತು. ದೊಡ್ಡ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿಕೊಂಡ 303 ಜನ. ಸ್ಟೆಂಟ್ ಆದ 2ರಿಂದ 5 ದಿನದೊಳಗೆ ಕೆಲವರಿಗೆ 4 ಮಿಲಿಲೀಟರ್ ಆಲ್ಜಿನೇಟ್, ಉಳಿದವರಿಗೆ ಬರೀ ಸಲೈನ್. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ಎಕೋ ಅಳೆದವರಿಗೂ ಗೊತ್ತಿಲ್ಲ. ಆರು ತಿಂಗಳ ನಂತರ ನೋಡಿದರೆ ಎರಡು ಗುಂಪಿನಲ್ಲೂ ಹೃದಯದ ಕೋಣೆ ಹಿಗ್ಗಿದ ಪ್ರಮಾಣದಲ್ಲಿ ವ್ಯತ್ಯಾಸ ಇಲ್ಲ. 2016ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇಂಥ ಸುದ್ದಿಯನ್ನು ಯಾರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಿಲ್ಲ. ಆದರೆ ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ತಿಳಿಯಲೇಬೇಕಾದ ಭಾಗ ಇದೇ. ಪ್ರಯೋಗಶಾಲೆಯ ಹಂದಿ ಎಳೆಯದು, ಆರೋಗ್ಯವಾಗಿರುವಂಥದ್ದು. ಅದರ ಒಂದು ನಾಳವನ್ನು ಬೇಕೆಂದೇ ಮುಚ್ಚಿರುತ್ತಾರೆ. ಮನುಷ್ಯರಿಗೆ ಅರವತ್ತು ವರ್ಷ ಆಗಿರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಬಿಪಿ ಇರುತ್ತದೆ, ಬೇರೆ ನಾಳಗಳಲ್ಲೂ ಕೊಬ್ಬು ಕೂತಿರುತ್ತದೆ. ಅವರು ಒಳ್ಳೆಯ ಮಾತ್ರೆಗಳನ್ನೂ ತೆಗೆದುಕೊಳ್ಳುತ್ತಿರುತ್ತಾರೆ, ಮಾತ್ರೆಯೇ ಅರ್ಧ ಕೆಲಸ ಮಾಡಿರುತ್ತದೆ. ಅದರ ಮೇಲೆ ಜೆಲ್ ಇನ್ನೂ ಏನಾದರೂ ಕೊಡಬೇಕು. ಪ್ರಾಣಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋಲುವುದಕ್ಕೆ ಇಂಥ ಕಾರಣಗಳು ಸಾಕು.

ಆಲ್ಜಿನೇಟನ್ನೇ ಬೇರೆ ರೀತಿಯಲ್ಲಿ ಬಳಸಿದವರೂ ಇದ್ದಾರೆ. ಅಲ್ಜಿಸಿಲ್ ಎಂಬ ಹೆಸರಿನ ಜೆಲ್ ಅನ್ನು ಪಕ್ಕೆಲುಬಿನ ನಡುವೆ ಚಿಕ್ಕದಾಗಿ ಕೊಯ್ದು, ಹೊರಗಿನಿಂದ ನೇರವಾಗಿ ಗೋಡೆಗೆ ಸಾಲಾಗಿ ಚುಚ್ಚಿದರು. ಚುಚ್ಚಿಸಿಕೊಂಡವರು ಹೃದಯ ಆಗಲೇ ಬಹಳ ಸೋತಿದ್ದ ರೋಗಿಗಳು. 78 ಜನರ ಪ್ರಯೋಗದಲ್ಲಿ ಜೆಲ್ ಪಡೆದವರ ಉಸಿರಿನ ಸಾಮರ್ಥ್ಯ, ನಡೆಯುವ ದೂರ ಎರಡೂ ಸುಧಾರಿಸಿತು. 2015ರಲ್ಲಿ ವರದಿ ಬಂದಾಗ ಆಸೆ ಚಿಗುರಿತು. ಆದರೆ ಜೆಲ್ ಹಾಕಿಸಿಕೊಂಡ 35 ಜನರಲ್ಲಿ 3 ಜನ ಮೊದಲ 30 ದಿನದೊಳಗೆ ತೀರಿಕೊಂಡಿದ್ದರು. ಸೋತ ಹೃದಯದವರಿಗೆ ಎದೆ ತೆರೆಯುವ ಆಪರೇಷನ್ನೇ ಒಂದು ದೊಡ್ಡ ಅಪಾಯ. ಜೆಲ್ ಎಷ್ಟೇ ಒಳ್ಳೆಯದಿರಲಿ, ಅದನ್ನು ತಲುಪಿಸುವ ದಾರಿ ಸುರಕ್ಷಿತವಾಗಿಲ್ಲದಿದ್ದರೆ ಪ್ರಯೋಜನ ಕಡಿಮೆ.

ನಮ್ಮ ಮಲ್ಪೆಯಂಥ ಬಂದರುಗಳಲ್ಲಿ ರಾಶಿ ಬೀಳುವ ಸಿಗಡಿ ಸಿಪ್ಪೆಗೂ ಈ ಕಥೆಯಲ್ಲಿ ಜಾಗ ಉಂಟು. ಸಿಗಡಿ, ಏಡಿಗಳ ಚಿಪ್ಪಿನಿಂದ ಕೈಟೋಸಾನ್ ತೆಗೆಯಬಹುದು. ಸರಿಯಾದ ಉಪ್ಪು ಬೆರೆಸಿದರೆ ಅದು ತಂಪಿನಲ್ಲಿ ನೀರಾಗಿದ್ದು, ಮೈಬಿಸಿಗೆ ಜೆಲ್ ಆಗುತ್ತದೆ. ಇಲಿಗಳ ಹೃದಯದಲ್ಲಿ ಇದರ ಪ್ರಯೋಗಗಳು ನಡೆದಿವೆ. ನಮ್ಮ ಚರ್ಮ, ಕೀಲುಗಳಲ್ಲೂ ಇರುವ ಹೈಅಲುರಾನಿಕ್ ಆಮ್ಲದ ಜೆಲ್‌ಗಳ ಮೇಲೆ ಅಮೆರಿಕದಲ್ಲಿ ಜೇಸನ್ ಬರ್ಡಿಕ್ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ. ಒತ್ತಿದಾಗ ಹರಿಯುವ, ಒತ್ತುವುದು ನಿಲ್ಲಿಸಿದರೆ ಮತ್ತೆ ಗಟ್ಟಿಯಾಗುವ ಜೆಲ್‌ಗಳು ಅವು.

ಆದರೆ ಈ ಹತ್ತು ಹದಿನೈದು ವರ್ಷದಲ್ಲಿ ಯೋಚನೆಯೇ ಬದಲಾಗಿದೆ. ಗೋಡೆ ದಪ್ಪ ಮಾಡಿದರೆ ಸಾಕು ಎಂಬ ನಂಬಿಕೆ ಹಿಂದೆ ಸರಿದಿದೆ. ಗಾಯ ಹೇಗೆ ಮಾಯುತ್ತದೆ ಎಂಬುದನ್ನೇ ಬದಲಿಸಬೇಕು ಎನ್ನುವವರು ಹೆಚ್ಚಾಗಿದ್ದಾರೆ. ಆ ದಾರಿಯಲ್ಲಿ ಎದ್ದು ಕಾಣುವ ಕೆಲಸ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಕ್ಯಾರನ್ ಕ್ರಿಸ್ಟ್‌ಮನ್ ಅವರದು.

ನಮ್ಮ ಮೈಯ ಯಾವ ಅಂಗವೂ ಬರೀ ಕೋಶಗಳ ರಾಶಿ ಅಲ್ಲ. ಕೋಶಗಳ ನಡುವೆ ಪ್ರೋಟೀನ್ ಮತ್ತು ಸಕ್ಕರೆಯ ಎಳೆಗಳ ಒಂದು ಜಾಲ ಇದೆ. ಇದನ್ನು ಮ್ಯಾಟ್ರಿಕ್ಸ್ ಎನ್ನುತ್ತಾರೆ. ಕೋಶಗಳು ಅದನ್ನು ಹಿಡಿದುಕೊಂಡು ಕೂರುತ್ತವೆ. ಬೆಳೆಯಬೇಕಾ, ನಿಲ್ಲಬೇಕಾ, ಯಾವ ಕಡೆ ಸರಿಯಬೇಕು ಎಂಬ ಸೂಚನೆಗಳನ್ನೂ ಅದರಿಂದಲೇ ಪಡೆಯುತ್ತವೆ. ಅಟ್ಯಾಕ್‌ನಲ್ಲಿ ಕೋಶಗಳ ಜೊತೆ ಈ ಜಾಲವೂ ಹಾಳಾಗುತ್ತದೆ. ಹೃದಯದ್ದೇ ಜಾಲವನ್ನು ಅಲ್ಲಿಗೆ ಮರಳಿ ಕೊಟ್ಟರೆ ಹೇಗೆ ಎಂದು ಕ್ರಿಸ್ಟ್‌ಮನ್ ಯೋಚಿಸಿದರು.

ತಯಾರಿ ಹೀಗೆ. ಹಂದಿಯ ಹೃದಯದ ಸ್ನಾಯುವನ್ನು ಸಣ್ಣಗೆ ಕತ್ತರಿಸುತ್ತಾರೆ. ಎಸ್‌ಡಿಎಸ್ ಎಂಬ ನೊರೆ ಬರುವ ರಾಸಾಯನಿಕದಲ್ಲಿ ದಿನಗಟ್ಟಲೆ ತೊಳೆಯುತ್ತಾರೆ. ಇದೇ ಜಾತಿಯ ವಸ್ತು ಶಾಂಪೂ, ಟೂತ್‌ಪೇಸ್ಟ್‌ಗಳಲ್ಲೂ ಇರುತ್ತದೆ. ಕೋಶಗಳೆಲ್ಲ ಒಡೆದು ತೊಳೆದುಹೋಗುತ್ತವೆ. ಕೆಂಪು ಮಾಂಸ ಬೆಳ್ಳಗಾಗುತ್ತದೆ. ಉಳಿಯುವುದು ಜಾಲ ಮಾತ್ರ. ಬೇರೆಯವರದು ಎಂದು ದೇಹ ಗುರುತಿಸಿ ತಿರಸ್ಕರಿಸುವುದು ಹೆಚ್ಚಾಗಿ ಕೋಶಗಳನ್ನು. ಕೋಶ ಹೋದರೆ ಆ ಭಯ ಬಹಳ ಕಡಿಮೆ. ಉಳಿದದ್ದನ್ನು ಒಣಗಿಸಿ, ಪುಡಿ ಮಾಡಿ, ನಮ್ಮ ಹೊಟ್ಟೆಯಲ್ಲಿ ಮಾಂಸ ಜೀರ್ಣಿಸುವ ಪೆಪ್ಸಿನ್‌ನಿಂದಲೇ ಅರ್ಧ ಜೀರ್ಣಿಸುತ್ತಾರೆ. ಆಗ ಅದು ಸೂಜಿಯಲ್ಲಿ ಹೋಗುವಷ್ಟು ತೆಳುವಾದ ದ್ರವ. 37 ಡಿಗ್ರಿ ಮೈಬಿಸಿಗೆ ಮತ್ತೆ ತಾನಾಗಿ ಎಳೆ ಎಳೆಯಾಗಿ ಕೂಡಿ ಜೆಲ್ ಆಗುತ್ತದೆ. ಇದಕ್ಕೆ ವೆಂಟ್ರಿಜೆಲ್ ಎಂದು ಹೆಸರಿಟ್ಟರು.

2013ರಲ್ಲಿ ಹಂದಿಗಳಲ್ಲಿ ಒಳ್ಳೆಯ ಫಲ ಬಂತು. ಆಮೇಲೆ ಅಮೆರಿಕದಲ್ಲಿ 15 ರೋಗಿಗಳಿಗೆ ಕೊಟ್ಟರು. ಅವರಿಗೆ ಅಟ್ಯಾಕ್ ಆಗಿ ಎರಡು ತಿಂಗಳಿಂದ ಮೂರು ವರ್ಷ ಆಗಿತ್ತು, ಪಂಪಿಂಗ್ 25ರಿಂದ 45ರ ನಡುವೆ ಇತ್ತು. ಎದೆ ಕೊಯ್ಯಲಿಲ್ಲ. ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಕಳಿಸಿ ಹೃದಯದ ಕೋಣೆಯ ಒಳಗೆ ಹೋದರು. ಎಲ್ಲಿ ಕರೆಂಟ್ ಚೆನ್ನಾಗಿದೆ, ಎಲ್ಲಿ ಸತ್ತಿದೆ ಎಂಬ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಮೊದಲು ತಯಾರಿಸಿದರು. ಆ ನಕ್ಷೆ ನೋಡಿ ಗಾಯದ ಜಾಗದಲ್ಲಿ ಗರಿಷ್ಠ 18 ಕಡೆ ಒಳಗಿನಿಂದ ಚುಚ್ಚಿದರು. 2019ರ ವರದಿಯ ಪ್ರಕಾರ ಇದು ಮಾಡಬಹುದಾದ, ಸುರಕ್ಷಿತವಾದ ಕೆಲಸ ಎಂದು ಕಂಡಿತು. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂಬ ಪರೀಕ್ಷೆಯಲ್ಲಿ ರೋಗಿಗಳು ಮೊದಲಿಗಿಂತ ಹೆಚ್ಚು ನಡೆದರು.

ಇಲ್ಲಿ ಸ್ವಲ್ಪ ಬ್ರೇಕ್ ಹಾಕಬೇಕು. 15 ಜನ ಎಂದರೆ ಬಹಳ ಕಡಿಮೆ. ಜೆಲ್ ಪಡೆಯದ ಹೋಲಿಕೆಯ ಗುಂಪು ಇರಲಿಲ್ಲ. ಒಳ್ಳೆಯ ಆರೈಕೆ ಸಿಕ್ಕಿದರೆ, ಡಾಕ್ಟರು ಆಗಾಗ ಕರೆದು ನೋಡಿದರೆ, ಅಷ್ಟಕ್ಕೇ ಜನ ಹೆಚ್ಚು ನಡೆಯುವುದುಂಟು. ಅಪಾಯ ಇದೆಯಾ ಎಂದು ನೋಡಲು ಮಾಡಿದ ಪ್ರಯೋಗ ಅದು. ಉಪಯೋಗ ಇದೆಯಾ ಎಂದು ತೀರ್ಮಾನಿಸುವ ಪ್ರಯೋಗ ಅಲ್ಲ.

ಹಂದಿಯ ವಿಷಯ ಕೇಳಿ ಕೆಲವರು ಹಿಂಜರಿಯುತ್ತಾರೆ. ಧರ್ಮದ ಕಾರಣಕ್ಕೆ, ಸಸ್ಯಾಹಾರದ ಕಾರಣಕ್ಕೆ, ಸುಮ್ನೆ ಮನಸ್ಸು ಒಪ್ಪದ ಕಾರಣಕ್ಕೆ. ನಮ್ಮ ಊರುಗಳಲ್ಲಿ ಈ ಪ್ರಶ್ನೆ ಖಂಡಿತ ಬರುತ್ತದೆ, ಬರಬೇಕಾದದ್ದೇ. ಆಂಜಿಯೋಪ್ಲಾಸ್ಟಿ ಸಮಯದಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಹೆಚ್ಚಾಗಿ ಬರುವುದು ಹಂದಿಯ ಕರುಳಿನಿಂದ. ಹೃದಯದ ಕವಾಟ ಬದಲಿಸುವಾಗ ಹಂದಿ ಅಥವಾ ದನದ ಅಂಗಾಂಶದಿಂದ ಮಾಡಿದ ಕವಾಟಗಳನ್ನು ವರ್ಷಗಳಿಂದ ಬಳಸುತ್ತಿದ್ದಾರೆ. ಜೀವ ಉಳಿಸಲು ಇದನ್ನು ಒಪ್ಪುವವರು ಎಲ್ಲ ಧರ್ಮದಲ್ಲೂ ಇದ್ದಾರೆ. ಆದರೆ ಒಪ್ಪುವುದು ಬಿಡುವುದು ರೋಗಿಯ ಹಕ್ಕು. ಮೊದಲೇ ಬಿಡಿಸಿ ಹೇಳಿ ಕೇಳುವುದು ಆಸ್ಪತ್ರೆಯ ಕರ್ತವ್ಯ.

ಕ್ರಿಸ್ಟ್‌ಮನ್ ತಂಡ ಅಲ್ಲಿಗೆ ನಿಲ್ಲಲಿಲ್ಲ. ವೆಂಟ್ರಿಜೆಲ್‌ಗೆ ಒಂದು ದೊಡ್ಡ ಮಿತಿ ಇತ್ತು. ಅಟ್ಯಾಕ್ ಆದ ಮೊದಲ ದಿನಗಳಲ್ಲಿ ಗೋಡೆ ಬಹಳ ಮೆತ್ತಗಿರುತ್ತದೆ, ಆಗ ಸೂಜಿ ಚುಚ್ಚುವುದು ಅಪಾಯ. ಹಾಗಾಗಿ ವಾರಗಟ್ಟಲೆ ಕಾಯಬೇಕು. ಆದರೆ ಹೆಚ್ಚು ಸಹಾಯ ಬೇಕಾಗಿರುವುದು ಆ ಮೊದಲ ದಿನಗಳಲ್ಲೇ. ಆದ್ದರಿಂದ ಅವರು ಆ ದ್ರವವನ್ನು ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಸೋಸಿ, ಅತಿ ಸಣ್ಣ ಕಣಗಳನ್ನು ಮಾತ್ರ ಉಳಿಸಿಕೊಂಡರು. ಇದನ್ನು ನೇರವಾಗಿ ರಕ್ತಕ್ಕೇ ಬಿಡಬಹುದು.

ಸೋರುವ ನಾಳಗಳ ಮೂಲಕ ಇದು ಗಾಯದ ಜಾಗಕ್ಕೆ ಇಳಿಯುತ್ತದೆ ಎಂಬುದು ಅವರ ಊಹೆಯಾಗಿತ್ತು. ಆದದ್ದು ಬೇರೆ. ಕಣಗಳು ಆ ಸಣ್ಣ ನಾಳಗಳ ಒಳಗೋಡೆಗೇ ಅಂಟಿಕೊಂಡವು. ಕೋಶಗಳ ನಡುವೆ ಬಿಟ್ಟಿದ್ದ ಸಂದುಗಳನ್ನು ಮುಚ್ಚಿದವು. ಸೋರುವುದು ಕಡಿಮೆಯಾಯಿತು, ಉರಿಯೂತ ಇಳಿಯಿತು. ಇಲಿ ಮತ್ತು ಹಂದಿಗಳಲ್ಲಿ ಹೃದಯದ ಕೋಣೆ ಹಿಗ್ಗುವುದು ಕಡಿಮೆಯಾಯಿತು. 2022ರ ಡಿಸೆಂಬರಿನಲ್ಲಿ ಇದು ಪ್ರಕಟವಾಯಿತು. ಗೋಡೆ ದಪ್ಪ ಮಾಡುವ ಕೆಲಸ ಇಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಹೊರಟ ಯೋಚನೆ ಒಂದು, ಬಂದು ಮುಟ್ಟಿದ ಜಾಗ ಇನ್ನೊಂದು.

ಹಾಗಾದರೆ ಹೊಸ ಸ್ನಾಯು? ಜೆಲ್ ಜೊತೆ ಜೀವಂತ ಕೋಶಗಳನ್ನೇ ಸೇರಿಸಿ ಕೊಡುವ ಪ್ರಯತ್ನವೂ ನಡೆಯುತ್ತಿದೆ. ಬರೀ ಕೋಶ ಚುಚ್ಚಿದರೆ ಬಹುಪಾಲು ಕೆಲವೇ ಗಂಟೆಗಳಲ್ಲಿ ತೊಳೆದುಹೋಗುತ್ತವೆ ಅಥವಾ ಸಾಯುತ್ತವೆ. ಜೆಲ್ ಅವುಗಳಿಗೆ ನಿಲ್ಲಲು ಜಾಗ ಕೊಡುತ್ತದೆ. ಇದು ಮುಂದೆ ಫಲ ಕೊಡಬಹುದು. ಆದರೆ ಈ ಕ್ಷೇತ್ರಕ್ಕೆ ಒಂದು ಕಹಿ ನೆನಪಿದೆ. ದೊಡ್ಡವರ ಹೃದಯದಲ್ಲಿ ಹೊಸ ಸ್ನಾಯು ಹುಟ್ಟಿಸುವ ಕಾಂಡಕೋಶ (ಸ್ಟೆಮ್ ಸೆಲ್) ಇದೆ ಎಂದು ಅಮೆರಿಕದ ಒಂದು ಪ್ರಯೋಗಶಾಲೆ ವರ್ಷಗಳ ಕಾಲ ಹೇಳುತ್ತಾ ಬಂತು. ಅದನ್ನು ನಂಬಿ ರೋಗಿಗಳ ಮೇಲೆ ಪ್ರಯೋಗಗಳೂ ನಡೆದವು. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಅದರ ಆಸ್ಪತ್ರೆ ಸೇರಿ ಆ ಪ್ರಯೋಗಶಾಲೆಯ 31 ಪ್ರಬಂಧಗಳನ್ನು ಹಿಂತೆಗೆಯಬೇಕು ಎಂದು ಹೇಳಿದವು. ಎಷ್ಟು ಹಣ, ಎಷ್ಟು ವರ್ಷ, ಎಷ್ಟು ಜನರ ಆಸೆ!

ಇದನ್ನು ಹೇಳಲು ಕಾರಣ ಇದೆ. ಪಂಪಿಂಗ್ ಕಡಿಮೆ ಇರುವ ಮನೆಗೆ "ಸ್ಟೆಮ್ ಸೆಲ್ ಇಂಜೆಕ್ಷನ್ ಇದೆ, ಇಷ್ಟು ಲಕ್ಷ" ಎಂದು ಹೇಳಿಕೊಂಡು ಯಾರಾದರೂ ಬರಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಕಾಂಡಕೋಶವನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಬಳಸಬಹುದು. ಅಂಥ ಪ್ರಯೋಗ ಸರ್ಕಾರದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ದಾಖಲಾಗಿರಬೇಕು. ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ಅದನ್ನು ನೋಡಬಹುದು. ಪ್ರಯೋಗ ಎಂದು ಹೇಳಿ ಆ ಮದ್ದಿಗೇ ಲಕ್ಷಗಟ್ಟಲೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಜೆಲ್‌ಗೂ ಇದೇ ಮಾತು. ಅಟ್ಯಾಕ್ ಆದವರಿಗೆ ದಿನನಿತ್ಯದ ಚಿಕಿತ್ಸೆಯಾಗಿ ಇದು ಇನ್ನೂ ಬಂದಿಲ್ಲ, ಮಂಗಳೂರಿನಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ.

ನಮ್ಮ ದೇಶದಲ್ಲಿ ಈ ವಿದ್ಯೆ ಇಲ್ಲವೇ ಎಂದರೆ, ಇದೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಗೊತ್ತಿರುವ ಹೆಸರು. ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿ ಇಳಿಯಬಹುದು. 1990ರಲ್ಲಿ ಮೊದಲ ಬಾರಿ ರೋಗಿಗೆ ಜೋಡಿಸಿದ ಭಾರತದ್ದೇ ಕೃತಕ ಹೃದಯ ಕವಾಟ ತಯಾರಾದದ್ದು ಅಲ್ಲಿ. ಅದೇ ಸಂಸ್ಥೆ ಹಂದಿಯ ಪಿತ್ತಕೋಶದಿಂದ ಕೋಶಗಳನ್ನು ತೆಗೆದು, ಉಳಿದ ಜಾಲದಿಂದ ಚರ್ಮದ ಗಾಯ ಮಾಯಿಸುವ ಕೋಲೆಡರ್ಮ್ ಎಂಬ ಹಾಳೆ ಮಾಡಿದೆ. 2023ರಲ್ಲಿ ಇದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿದ ಸುದ್ದಿ ಬಂತು. ಇದೇ ವಸ್ತುವಿನ ಜೆಲ್ ರೂಪವನ್ನು ಅಟ್ಯಾಕ್ ಆದ ಇಲಿಗಳ ಹೃದಯದಲ್ಲೂ ಅವರು ಪರೀಕ್ಷಿಸಿದ್ದಾರೆ. ಅಂದರೆ ಮ್ಯಾಟ್ರಿಕ್ಸ್ ತಯಾರಿಸುವ ಕೈಚಳಕ ನಮ್ಮಲ್ಲೇ ಇದೆ. ಬೇಕಾಗಿರುವುದು ಇಲಿಯಿಂದ ರೋಗಿಯ ತನಕ ಕರೆದುಕೊಂಡು ಹೋಗುವ ಹಣ, ತಾಳ್ಮೆ ಮತ್ತು ಕಟ್ಟುನಿಟ್ಟು.

ಮುಂದೆ ಜೆಲ್ ಬಗ್ಗೆ ಸುದ್ದಿ ಬಂದಾಗ ಏನು ನೋಡಬೇಕು? ಮೊದಲು ಇಲಿಯಲ್ಲೋ ಹಂದಿಯಲ್ಲೋ ಮನುಷ್ಯರಲ್ಲೋ ಎಂದು ನೋಡಿ. ಮನುಷ್ಯರಲ್ಲಾದರೆ ಜೆಲ್ ಪಡೆಯದ ಗುಂಪು ಇತ್ತೇ ಎಂದು ನೋಡಿ. ಹೃದಯದ ಕೋಣೆಯ ಗಾತ್ರ ಒಂದೇ ಅಳೆದರೆ ಸಾಲದು. ಮತ್ತೆ ಆಸ್ಪತ್ರೆ ಸೇರುವುದು ಕಡಿಮೆಯಾಯಿತೇ, ಹೆಚ್ಚು ಜನ ಬದುಕಿ ಉಳಿದರೇ ಎಂಬುದು ಗೊತ್ತಾಗಬೇಕು. ಅದಕ್ಕೆ ನೂರಾರು ರೋಗಿಗಳು ಬೇಕು, ವರ್ಷಗಳು ಬೇಕು. ರಕ್ತಕ್ಕೆ ಬಿಡುವ ಹೊಸ ರೂಪ ಆ ಪರೀಕ್ಷೆ ಗೆದ್ದರೆ ಅದಕ್ಕೆ ಬೇರೆ ಆಪರೇಷನ್ ಬೇಕಾಗುವುದಿಲ್ಲ. ಸ್ಟೆಂಟ್ ಹಾಕುವ ಅದೇ ಕ್ಯಾತ್ ಲ್ಯಾಬಿನಲ್ಲಿ, ಅದೇ ಕೊಳವೆಯಿಂದ, ಕೆಲವು ನಿಮಿಷದಲ್ಲಿ ಕೊಟ್ಟು ಮುಗಿಸಬಹುದು. ಉಡುಪಿ, ಮಂಗಳೂರಿನ ಆಸ್ಪತ್ರೆಗಳಲ್ಲಿ ಆ ಲ್ಯಾಬುಗಳು ಈಗಾಗಲೇ ಇವೆ.